ಪಡಸಾಲೆಯ ಪ್ರಹಸನ: ನಗುವವರಾರು, ನಗೆಗೆ ಗುರಿಯಾರು?

ನವರಸಗಳ ಪೈಕಿ ಹಾಸ್ಯವು ಕಿರಿಯದೆಂದು ಭಾವಿಸುವ ವಾಡಿಕೆ ವಿದ್ಯಾವಂತರ ಮನೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಕರುಣಕ್ಕೆ ಕಣ್ಣೀರು ಸಾಕ್ಷಿ; ವೀರಕ್ಕೆ ಪುಳಕ ಸಾಕ್ಷಿ; ಹಾಸ್ಯಕ್ಕಾದರೋ ಹಲ್ಲು ಕಾಣಿಸಿದರೆ ಸಾಕೆಂದು ಲೋಕದ ಎಣಿಕೆ. ಊಟದ ಮೇಲಿನ ಎಲೆಯಡಿಕೆಯಂತೆ ಅದನ್ನು ಸವಿದು ಮರೆಯತಕ್ಕದ್ದೇ ಹೊರತು, ಅದರ ವಿಷಯದಲ್ಲಿ ವಿಚಾರಮಾಡತಕ್ಕದ್ದು ಏನೂ ಇಲ್ಲವೆಂಬುದು ಅನೇಕರ ಮತ. ಆದರೆ ನಾಟ್ಯಶಾಸ್ತ್ರದ ಕಡೆಯ ಭಾಗದಲ್ಲಿ ಬರುವ ವೃತ್ತಾಂತವೊಂದು ಈ ಮತಕ್ಕೆ ನೇರವಾಗಿ ವಿರುದ್ಧವಾದುದು. ಭರತನ ಮಕ್ಕಳು ನಾಟ್ಯವಿದ್ಯೆಯಿಂದ ಮದಿಸಿ, ಋಷಿಗಳನ್ನು ಅಣಕಿಸುವ ಪ್ರಯೋಗವನ್ನು ಸಭೆಯಲ್ಲಿ ಆಡಿ ತೋರಿಸಿದರು. ಅದನ್ನು ಕೇಳಿ ಋಷಿಗಳು ಕೆರಳಿದರು. ಈ ನಟರು ಬ್ರಾಹ್ಮಣ್ಯವನ್ನು ಕಳೆದುಕೊಂಡು ಶೂದ್ರಾಚಾರದವರಾಗಲೆಂದು ಶಪಿಸಿದರು.

ಈ ಕಥೆಯಲ್ಲಿ ಗಮನಿಸತಕ್ಕ ಅಂಶಗಳು ಎರಡು. ನಗೆಯು ಎತ್ತರದ ಪೀಠದವರೆಗೆ ಮುಟ್ಟಬಲ್ಲುದು ಎಂಬುದು ಮೊದಲನೆಯದು. ಮುಟ್ಟದಿದ್ದರೆ ಅಷ್ಟು ಕೋಪಕ್ಕೆ ಎಡೆಯೆಲ್ಲಿ? ಶಿಕ್ಷೆಯ ಸ್ವರೂಪವು ಎರಡನೆಯದು. ನಕ್ಕವನಿಗೆ ವಿಧಿಸಿದ ದಂಡ ಹಣದ್ದಲ್ಲ, ಸೆರೆಯದ್ದಲ್ಲ. ಸಮಾಜದ ಏಣಿಯಲ್ಲಿ ಒಂದು ಮೆಟ್ಟಲು ಕೆಳಗಿಳಿಸುವುದೇ ಆ ದಂಡ. ಕೆಳಗಿನ ಮೆಟ್ಟಲಿನಲ್ಲಿ ಇರುವುದೇ ಶಾಪವೆಂದು ಕಥೆ ಹೇಳಿದವರೂ ಕೇಳಿದವರೂ ನಂಬಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಾಸ್ಯಕ್ಕೂ ಅಂತಸ್ತಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಯಾರು ಯಾರನ್ನು ಕುರಿತು ನಗಬಹುದು, ನಕ್ಕರೆ ತೆರಬೇಕಾದ ಬೆಲೆಯೇನು ಎಂಬ ಪ್ರಶ್ನೆಗಳು ಪ್ರಹಸನದ ಹುಟ್ಟಿನೊಡನೆಯೇ ಹುಟ್ಟಿದವು.

ಈ ಪ್ರಶ್ನೆಗಳನ್ನು ಹೊಸದಾಗಿ ಕೇಳಬೇಕಾದ ಸಂದರ್ಭವೊಂದು ಒದಗಿದೆ. ಇಂದು ಪ್ರಹಸನವು ರಂಗಮಂದಿರಕ್ಕಿಂತ ಹೆಚ್ಚಾಗಿ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದೆ. ಟೆಲಿವಿಷನ್ ಪೆಟ್ಟಿಗೆಯಲ್ಲಿ ವಾರಕ್ಕೊಮ್ಮೆಯೋ ದಿನಕ್ಕೊಮ್ಮೆಯೋ ಬರುವ, ಅದೇ ಮನೆ ಅದೇ ಜನರನ್ನು ಇಟ್ಟುಕೊಂಡು ಸುಮಾರು ಅರ್ಧ ಗಂಟೆ ನಗಿಸುವ ಧಾರಾವಾಹಿಗೆ ಇಂಗ್ಲಿಷಿನವರು ಸಿಟ್‌ಕಾಮ್ ಎಂದು ಹೆಸರಿಟ್ಟಿದ್ದಾರೆ. ಸನ್ನಿವೇಶ ಪ್ರಹಸನವೆಂದು ಅದನ್ನು ಕನ್ನಡದಲ್ಲಿ ಕರೆಯಬಹುದು. ಕಂತಿನ ಮೊದಲಲ್ಲಿ ಒಂದು ತೊಡಕು ಹುಟ್ಟುತ್ತದೆ. ಕೊನೆಯಲ್ಲಿ ಅದು ಬಿಡಿಸಿಕೊಂಡು ಎಲ್ಲವೂ ಮೊದಲಿನಂತೆಯೇ ಆಗುತ್ತದೆ. ಈ ‘ಮೊದಲಿನಂತೆ’ ಎಂಬುದರಲ್ಲಿಯೇ ಇದರ ಶಕ್ತಿಯೂ ದೌರ್ಬಲ್ಯವೂ ಅಡಗಿವೆ. ಜಾತಿ ಜನಾಂಗಗಳ ದುರಭಿಮಾನ, ಬಡವ ಬಲ್ಲಿದರ ಭೇದ, ಹಿರಿಯರು ಕಿರಿಯರ ಜಗಳ ಎಂಬ ಮೂರು ವಸ್ತುಗಳನ್ನು ಇಂಥ ಪ್ರಹಸನಗಳು ಹೇಗೆ ಹಿಡಿದವು, ಎಲ್ಲಿ ಗೆದ್ದವು, ಎಲ್ಲಿ ಹಿಂಜರಿದವು ಎಂಬುದನ್ನು ವಿಚಾರಿಸುವುದು ಅವಶ್ಯಕ.

ಈ ಬಗೆಯ ಪ್ರಹಸನಕ್ಕೆ ಮಾದರಿಯಾದುದು ಇಂಗ್ಲೆಂಡಿನಲ್ಲಿ ಹುಟ್ಟಿತು. ಜಾನಿ ಸ್ಪೈಟ್ ಎಂಬವನು ಬರೆದು ಬಿ.ಬಿ.ಸಿ.ಯವರು 1965ರಿಂದ 1975ರ ವರೆಗೆ ಬಿಟ್ಟು ಬಿಟ್ಟು ಪ್ರಸಾರಮಾಡಿದ ‘ಟಿಲ್ ಡೆತ್ ಅಸ್ ಡು ಪಾರ್ಟ್’ ಎಂಬ ಧಾರಾವಾಹಿಯ ನಾಯಕ ಆಲ್ಫ್ ಗಾರ್ನೆಟ್. ಲಂಡನ್ನಿನ ಪೂರ್ವಭಾಗದ ಈ ಕೂಲಿಯವನು ಸ್ವತಃ ಬಡವನಾಗಿದ್ದರೂ, ಕರಿಯರೆಂದರೆ, ಹೊರಗಿನಿಂದ ಬಂದವರೆಂದರೆ ಸಿಡಿಮಿಡಿಗೊಳ್ಳುವವನು. ಅದೇ ಮನೆಯಲ್ಲಿರುವ ಅಳಿಯನು ಸಮಾಜವಾದಿ. ಮಾವನಿಗೆ ಮಾತು ಮಾತಿಗೂ ಎದುರಾಡುವವನು. ಇದನ್ನೇ ಅನುಸರಿಸಿ ಅಮೆರಿಕದಲ್ಲಿ ನಾರ್ಮನ್ ಲಿಯರ್ ಎಂಬವನು ‘ಆಲ್ ಇನ್ ದಿ ಫ್ಯಾಮಿಲಿ’ ಎಂಬುದನ್ನು ರಚಿಸಿದನು. ಇದು 1971ರಿಂದ 1979ರ ವರೆಗೆ ನಡೆಯಿತು. ಇದರ ನಾಯಕ ಆರ್ಚಿ ಬಂಕರನ ಮಾತಿನ ಧಾಟಿಗೆ ಲಿಯರನು ತನ್ನ ತಂದೆಯನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದನಂತೆ. ತಲೆಮಾರುಗಳ ಜಗಳವು ಅಲ್ಲಿ ಕೇವಲ ಕಥಾವಸ್ತುವಲ್ಲ, ಕಥೆಗಾರನ ಮನೆಯ ಅನುಭವವೂ ಹೌದು. ಮೊದಲ ದಿನ ಪ್ರಸಾರಕ್ಕೆ ಮುನ್ನ ವಾಹಿನಿಯವರು ಪ್ರೇಕ್ಷಕರಿಗೆ ಎಚ್ಚರಿಕೆಯ ನಾಲ್ಕು ಮಾತುಗಳನ್ನು ತೋರಿಸಿದರು. ಅಷ್ಟು ಅಂಜಿಕೆಯಿಂದ ಹೊರಟದ್ದು ಮುಂದೆ ಐದು ವರ್ಷಗಳ ಕಾಲ ಆ ದೇಶದಲ್ಲಿ ಅತಿ ಹೆಚ್ಚು ಜನರು ನೋಡುವ ಕಾರ್ಯಕ್ರಮವಾಯಿತು.

ಜನಪ್ರಿಯತೆಯು ಗುಣಕ್ಕೆ ಪ್ರಮಾಣವಲ್ಲವಷ್ಟೆ. ವಿಡ್ಮಾರ್ ಮತ್ತು ರೋಕೀಚ್ ಎಂಬ ಇಬ್ಬರು ವಿದ್ವಾಂಸರು 1974ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಲಿಯರನ ಅಭಿಮಾನಿಗಳನ್ನು ಚಿಂತೆಗೀಡುಮಾಡಿತು. ದುರಭಿಮಾನವಿಲ್ಲದ ಪ್ರೇಕ್ಷಕನು ಬಂಕರನನ್ನು ಕಂಡು ನಗುತ್ತಾನೆ. ದುರಭಿಮಾನವುಳ್ಳವನು ಬಂಕರನೊಡನೆ ಕೂಡಿಕೊಂಡು ನಗುತ್ತಾನೆ. ತನ್ನ ಮನಸ್ಸಿನಲ್ಲಿದ್ದುದನ್ನೇ ಈತನು ಧೈರ್ಯವಾಗಿ ಆಡಿದನೆಂದು ಮೆಚ್ಚುತ್ತಾನೆ. ಒಂದೇ ಮಾತು, ಒಂದೇ ನಗೆ; ಎರಡು ಮನೆಗಳಲ್ಲಿ ಎರಡು ಫಲ. ಕೊಳೆಯನ್ನು ತೊಳೆಯಲು ತಂದ ನೀರೇ ಕೊಳೆಯ ಗಿಡಕ್ಕೆ ಎರೆದಂತಾಯಿತೇ ಎಂದು ಸಹೃದಯರು ಅಂದು ಕೇಳಿದರು. ಆ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಇದಕ್ಕೆ ಸಮಾಧಾನವು ಅದೇ ಧಾರಾವಾಹಿಯ 1972ರ ಕಂತೊಂದರಲ್ಲಿ ದೊರೆಯುತ್ತದೆ. ಸ್ಯಾಮಿ ಡೇವಿಸ್ ಎಂಬ ಹೆಸರಾಂತ ಕರಿಯ ಗಾಯಕನು ಅದರಲ್ಲಿ ತಾನಾಗಿಯೇ ಕಾಣಿಸಿಕೊಳ್ಳುತ್ತಾನೆ. ಬಂಕರನು ಓಡಿಸಿದ ಟ್ಯಾಕ್ಸಿಯಲ್ಲಿ ಮರೆತ ಚೀಲವನ್ನು ಹಿಂದಕ್ಕೆ ಪಡೆಯಲು ಬಂಕರನ ಮನೆಗೇ ಆತನು ಬರುತ್ತಾನೆ. ಬಂಕರನು ಖ್ಯಾತಿಗೆ ಮಣಿದು ಉಪಚರಿಸುತ್ತಾನೆ. ಆದರೆ ಬಾಯಿ ತೆರೆದಾಗಲೆಲ್ಲ ಒಳಗಿನ ತಿರಸ್ಕಾರವು ಜಾರಿ ಹೊರಗೆ ಬೀಳುತ್ತದೆ. ಅತಿಥಿಯು ಕೋಪಿಸಿಕೊಳ್ಳುವುದಿಲ್ಲ, ಉಪದೇಶಿಸುವುದೂ ಇಲ್ಲ. ಕೊನೆಗೆ ಇಬ್ಬರೂ ಕೂಡಿ ಚಿತ್ರ ತೆಗೆಸಿಕೊಳ್ಳುವ ಕ್ಷಣದಲ್ಲಿ ಬಂಕರನ ಕೆನ್ನೆಗೆ ತಟ್ಟನೆ ಮುತ್ತಿಡುತ್ತಾನೆ. ಮಾತೇ ಇಲ್ಲದ ಉತ್ತರವದು. ಅಲ್ಲಿಯವರೆಗೆ ಬಂಕರನೊಡನೆ ಕೂಡಿ ನಗುತ್ತಿದ್ದ ದುರಭಿಮಾನಿಯೂ ಆ ಕ್ಷಣದಲ್ಲಿ ಅವನ ಪಕ್ಕದಲ್ಲಿ ನಿಲ್ಲಲಾರನು. ನಿಂತರೆ ಆ ಮುತ್ತಿನ ಪಾಲು ಅವನಿಗೂ ಬಂದೀತು! ಸನ್ನಿವೇಶ ಪ್ರಹಸನದ ಒರೆಗಲ್ಲು ಇಲ್ಲಿ ಸಿಕ್ಕಂತಾಗುತ್ತದೆ. ದುರಭಿಮಾನದ ಮಾತಿಗೆ ಗುರಿಯಾದವನು ಅದೇ ಪಡಸಾಲೆಯಲ್ಲಿ ಇದ್ದಾನೆಯೇ, ಇದ್ದರೆ ಅವನಿಗೆ ಉತ್ತರಕೊಡುವ ಅವಕಾಶವಿದೆಯೇ ಎಂಬುದೇ ಆ ಒರೆಗಲ್ಲು. ಅವನು ಹೊರಗೇ ಉಳಿದಲ್ಲಿ, ನಗೆಯು ಎಷ್ಟೇ ಸದುದ್ದೇಶದಿಂದ ಹೊರಟರೂ ಮನೆಯವರ ಗುಟ್ಟಿನ ಕುಹಕವಾಗಿ ಮುಗಿಯುವ ಭಯ ತಪ್ಪಿದ್ದಲ್ಲ. ಬಂಕರನ ನೆರೆಮನೆಯ ಕರಿಯ ಕುಟುಂಬವೇ ಮುಂದೆ ‘ದಿ ಜೆಫರ್ಸನ್ಸ್’ ಎಂಬ ಸ್ವತಂತ್ರ ಧಾರಾವಾಹಿಯಾಗಿ 1975ರಿಂದ 1985ರ ವರೆಗೆ ನಡೆದುದು ಈ ಒರೆಗಲ್ಲಿನ ಮೇಲೆ ಮೂಡಿದ ಒಳ್ಳೆಯ ಗೆರೆ. ಆ ಮನೆಯ ಯಜಮಾನನಿಗೂ ಬಿಳಿಯರ ಮೇಲೆ ದುರಭಿಮಾನವಿತ್ತು. ಅದೂ ನಗೆಗೆ ಗುರಿಯಾಯಿತು.

ಭಾರತೀಯ ಲಾಕ್ಷಣಿಕರಿಗೆ ಈ ವಿವೇಚನೆ ಅಪರಿಚಿತವಾಗಿತ್ತೆಂದು ತಿಳಿಯಬಾರದು. ಹಾಸ್ಯವನ್ನು ಭರತನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ಆರು ಬಗೆಯಾಗಿ ವಿಂಗಡಿಸಿ, ಮೊದಲ ಎರಡನ್ನು ಉತ್ತಮರಿಗೂ, ನಡುವಿನ ಎರಡನ್ನು ಮಧ್ಯಮರಿಗೂ, ಕಡೆಯ ಎರಡನ್ನು ಅಧಮರಿಗೂ ಹೇಳಿದನು. ಇಲ್ಲಿ ಅಳತೆಗೋಲಾಗಿರುವುದು ನಗುವವನ ಸದ್ದು. ಯಾರನ್ನು ಕುರಿತು ನಗುತ್ತಾನೆಂಬುದಲ್ಲ. ಆದರೆ ಪ್ರಹಸನದ ಲಕ್ಷಣವನ್ನು ಹೇಳುವಾಗ ಅದೇ ಶಾಸ್ತ್ರವು ಬೇರೊಂದು ಅಳತೆಯನ್ನು ತಂದಿದೆ. ಯತಿಗಳು, ತಾಪಸರು, ವಿಪ್ರರು ಮುಂತಾದ ಪೂಜ್ಯರ ನಡುವಣ ನಗೆಮಾತಿನ ವಾದವುಳ್ಳದ್ದು ಶುದ್ಧ ಪ್ರಹಸನವೆನ್ನಿಸಿಕೊಂಡಿದೆ. ವೇಶ್ಯೆ, ಸೇವಕ, ವಿಟ, ಧೂರ್ತ ಮುಂತಾದವರು ಬರುವುದು ಸಂಕೀರ್ಣವೆನ್ನಿಸಿಕೊಂಡಿದೆ. ಪೂಜ್ಯನಾದವನ ಪೊಳ್ಳುತನವನ್ನು ನಗುವುದೇ ಶುದ್ಧವೆಂಬ ಧ್ವನಿ ಇದರಲ್ಲಿ ಇಲ್ಲವೇ? ಏಳನೆಯ ಶತಮಾನದಲ್ಲಿ ಪಲ್ಲವ ದೊರೆ ಮಹೇಂದ್ರವರ್ಮನು ರಚಿಸಿದ ‘ಮತ್ತವಿಲಾಸ’ದಲ್ಲಿ ಕಳೆದುಹೋದ ಕಪಾಲಕ್ಕಾಗಿ ಕಾಪಾಲಿಕನೂ ಬೌದ್ಧ ಭಿಕ್ಷುವೂ ಕಾದಾಡುತ್ತಾರೆ, ಕಪಾಲವನ್ನು ಕೊಂಡೊಯ್ದದ್ದು ನಾಯಿ! ಅಲ್ಲಿ ನಗೆಯ ಹೊಡೆತ ಬೀಳುವುದು ವಿರಕ್ತರೆನ್ನಿಸಿಕೊಂಡವರ ಆಸೆಯ ಮೇಲೆ. ಅಭಿನವಗುಪ್ತನು ಅನೌಚಿತ್ಯವೇ ಹಾಸ್ಯದ ಬೀಜವೆಂದು ವಿವರಿಸಿದ್ದಾನೆ. ಹೇಳುವುದಕ್ಕೂ ನಡೆಯುವುದಕ್ಕೂ ಇರುವ ಅಂತರಕ್ಕಿಂತ ದೊಡ್ಡ ಅನೌಚಿತ್ಯ ಬೇರೆಯಿಲ್ಲ. ಹುಟ್ಟಿನ ಹಿರಿಮೆಯನ್ನು ಹೇಳಿಕೊಳ್ಳುವ ಅಲ್ಪನು ಎಲ್ಲ ಕಾಲಕ್ಕೂ ಪ್ರಹಸನದ ಸಹಜ ನಾಯಕ.

ಇನ್ನು ಕನ್ನಡದ ಕಡೆಗೆ ತಿರುಗಿದರೆ, ಟೆಲಿವಿಷನ್ನಿಗೆ ಬಹಳ ಮುಂಚೆಯೇ ಪಡಸಾಲೆಯನ್ನು ರಂಗಸ್ಥಳವಾಗಿ ಮಾಡಿದವರು ಟಿ. ಪಿ. ಕೈಲಾಸಂ ಎಂಬುದರಲ್ಲಿ ವಿವಾದವಿಲ್ಲ. 1918ರ ಸುಮಾರಿನ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯ ಅಂಕಗಳನ್ನೇ ಮಗನ ಬೆಲೆಯೆಂದು ಎಣಿಸುವ ತಂದೆಯ ಮುಂದೆ ಇಬ್ಬರು ಮಕ್ಕಳನ್ನು ನಿಲ್ಲಿಸಿ, ಮನೆಗೆ ಆಪತ್ತು ಬಂದೊದಗಿದಾಗ ಯಾರು ಟೊಳ್ಳು ಯಾರು ಗಟ್ಟಿ ಎಂಬುದನ್ನು ಅವರು ತೋರಿಸಿದರು. ಅಲ್ಲಿ ನಗೆಗೆ ಪಾತ್ರವಾದುದು ಹಿರಿಯರ ಕುರುಡು. ‘ತಾಳಿಕಟ್ಟೋಕ್ಕೂಲೀನೇ’ ಎಂಬ ಹೆಸರೇ ವರದಕ್ಷಿಣೆಗೆ ಒಂದು ಪೆಟ್ಟು. ‘ಬಂಡ್ವಾಳ್ವಿಲ್ಲದ ಬಡಾಯಿ’ಯಲ್ಲಿ ಕಕ್ಷಿಗಾರರಿಲ್ಲದ ವಕೀಲನ ದರ್ಪ ಬಯಲಾಗುತ್ತದೆ. ಕೈಲಾಸಂ ಅವರು ತಾವು ಹುಟ್ಟಿ ಬೆಳೆದ ಇಂಗ್ಲಿಷ್ ಕಲಿತ ಮೇಲುಜಾತಿಯ ಮನೆಗಳನ್ನೇ, ಅವರಾಡುವ ಬೆರಕೆ ನುಡಿಯಲ್ಲಿಯೇ ಹಿಡಿದು ನಗಿಸಿದರು. ತನ್ನವರ ಮೇಲೆ ತಾನು ನಗುವ ಈ ಧೈರ್ಯವೇ ಅವರ ಹಾಸ್ಯದ ಸತ್ತ್ವ. ಬಹಿಷ್ಕಾರವೆಂಬ ಕ್ರೂರ ಪದ್ಧತಿಯನ್ನು ಮುಟ್ಟುವಾಗ ಮಾತ್ರ ಅವರು ನಗೆಯನ್ನು ಬದಿಗಿರಿಸಿ ‘ಬಹಿಷ್ಕಾರ’ ನಾಟಕವನ್ನು ದುಃಖದ ದಾರಿಯಲ್ಲಿ ನಡೆಸಿದರು. ಜಾತಿಯ ವಿಷಯ ಬಂದಾಗ ಕನ್ನಡದ ನಗೆಯ ದೊರೆಯೂ ನಗದೆ ಹೋದುದು ವಿಚಾರಾರ್ಹವಾದ ಸಂಗತಿ.

ಅನಂತರ 1942ರಿಂದ 1967ರ ವರೆಗೆ ಡಾಕ್ಟರ್ ಎಂ. ಶಿವರಾಂ ಅವರು, ಎಂದರೆ ರಾಶಿಯವರು, ನಡೆಸಿದ ‘ಕೊರವಂಜಿ’ಯು ಈ ಪಡಸಾಲೆಯ ನಗೆಯನ್ನು ತಿಂಗಳು ತಿಂಗಳಿಗೆ ಮನೆಗಳಿಗೆ ಮುಟ್ಟಿಸಿತು. ಮೈಸೂರಿನ ಆರ್. ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳು ಅದರಲ್ಲಿ ಬಂದವು. 1988ರಲ್ಲಿ ದೆಹಲಿಯ ದೂರದರ್ಶನದಲ್ಲಿ ನಡೆದ ‘ವಾಗ್ಲೇ ಕೀ ದುನಿಯಾ’ ಎಂಬ ಹಿಂದೀ ಧಾರಾವಾಹಿಯ ಮೂಲವೂ ಅದೇ ಲಕ್ಷ್ಮಣರ ಸಾಮಾನ್ಯ ಮನುಷ್ಯನೇ. ಗುಮಾಸ್ತನೊಬ್ಬನ ತಿಂಗಳ ಕೊನೆಯ ಬವಣೆಯಲ್ಲಿ ವರ್ಗಭೇದದ ವಿಡಂಬನೆ ಮೆತ್ತಗೆ ನಡೆಯಿತು.

ಶಿವಮೊಗ್ಗ ಜಿಲ್ಲೆಯವರಿಗೆ ಹತ್ತಿರದ ನಿದರ್ಶನವೆಂದರೆ ಲಕ್ಷ್ಮಣರ ಅಣ್ಣಂದಿರಾದ ಆರ್. ಕೆ. ನಾರಾಯಣ್ ಅವರ ಕಥೆಗಳಿಂದ ಹುಟ್ಟಿದ ‘ಮಾಲ್ಗುಡಿ ಡೇಸ್’. ಶಂಕರ್ ನಾಗ್ ಅವರು 1980ರ ದಶಕದ ಉತ್ತರಾರ್ಧದಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ಬೀದಿಗಳಲ್ಲಿ ಅದನ್ನು ಚಿತ್ರಿಸಿದರು. ಅರಸಾಳಿನ ರೈಲುನಿಲ್ದಾಣವೂ ಅದರಲ್ಲಿ ಕಾಣಿಸಿಕೊಂಡಿತು. ಆ ಹಳೆಯ ನಿಲ್ದಾಣದ ಕಟ್ಟಡವು 2020ರಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವಾಗಿ ಮಾರ್ಪಟ್ಟಿದೆ. ಶಾಸ್ತ್ರೀಯವಾಗಿ ಇದು ಸನ್ನಿವೇಶ ಪ್ರಹಸನವಲ್ಲ; ಕಥೆಯಿಂದ ಕಥೆಗೆ ಮನೆಯೂ ಜನರೂ ಬದಲಾಗುತ್ತಾರೆ. ಆದರೂ ಹಿರಿಯರು ಕಿರಿಯರ ವಿರಸವನ್ನು ಇಷ್ಟು ಹದವಾಗಿ ನಗಿಸಿದ ಧಾರಾವಾಹಿ ಮತ್ತೊಂದಿಲ್ಲ. ಧೈರ್ಯವನ್ನು ಕುರಿತು ಉಪದೇಶಮಾಡಿದ ತಂದೆಯು ಮಗನನ್ನು ಕಚೇರಿಯ ಕೋಣೆಯಲ್ಲಿ ಒಬ್ಬನೇ ಮಲಗಲು ಕಳುಹಿಸುತ್ತಾನೆ. ಹೆದರಿ ನಡುಗುವ ಸ್ವಾಮಿ ದೆವ್ವವೆಂದು ಭಾವಿಸಿ ಕಚ್ಚಿದ್ದು ಕಳ್ಳನ ಕಾಲಾಗುತ್ತದೆ. ಊರೇ ಮಗನನ್ನು ವೀರನೆಂದು ಹೊಗಳಿದರೆ, ಮಗನಿಗೆ ಬೇಕಾದುದು ಅಜ್ಜಿಯ ಪಕ್ಕದ ಹಾಸಿಗೆ ಮಾತ್ರ. ತಂದೆಯ ಪಾತ್ರದಲ್ಲಿ ಗಿರೀಶ ಕಾರ್ನಾಡರು ತೋರಿದ ಗಾಂಭೀರ್ಯವೇ ಅಲ್ಲಿ ನಗೆಗೆ ಕಾರಣ. ಸ್ವಲ್ಪ ಸಡಿಲವಾಗಿದ್ದರೂ ಹಾಸ್ಯವು ಕೆಡುತ್ತಿತ್ತು.

ಇದಕ್ಕಿಂತ ಆಳವಾದುದು ನಾರಾಯಣರು 1967ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ತೆಗೆದುಕೊಂಡ ಮಿಠಾಯಿ ವ್ಯಾಪಾರಿಯ ಕಥೆ. ಅನಂತನಾಗ್ ಅವರು ನಟಿಸಿದ ಜಗನ್ ಗಾಂಧೀಭಕ್ತ. ಉಪ್ಪು ಸಕ್ಕರೆಗಳನ್ನು ತ್ಯಜಿಸಿ ಸಕ್ಕರೆಯ ತಿಂಡಿಯನ್ನೇ ಮಾರುವವನು. ಗೀತೆಯನ್ನು ಓದುತ್ತ ಕೂತು, ಸಂಜೆ ಆರರ ಮೇಲಿನ ವ್ಯಾಪಾರದ ಹಣವನ್ನು ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿ ಇಡುವವನು. ಮಗನು ಅಮೆರಿಕಕ್ಕೆ ಹೋಗಿ, ಕಥೆ ಬರೆಯುವ ಯಂತ್ರದ ವ್ಯಾಪಾರವನ್ನೂ, ಜಾತಿ ದೇಶಗಳ ಎಲ್ಲೆ ಮೀರಿದ ಗ್ರೇಸ್ ಎಂಬ ಹೆಣ್ಣನ್ನೂ ಕರೆತರುತ್ತಾನೆ. ಇಲ್ಲಿ ನಗೆಯ ತಕ್ಕಡಿ ಸಮನಾಗಿದೆ. ತಂದೆಯ ವ್ರತವೂ ನಗೆಗೀಡು, ಮಗನ ಯಂತ್ರವೂ ನಗೆಗೀಡು. ಮನೆಗೆ ಬಂದ ಗ್ರೇಸಳಾದರೋ ನಗೆಗೀಡಾಗುವುದಿಲ್ಲ. ಮನೆಯನ್ನು ಗುಡಿಸಿ ಸಾರಿಸಿ, ಮಾವನನ್ನು ವಿನಯದಿಂದ ನೋಡಿಕೊಳ್ಳುವ ಅವಳ ಮುಂದೆ, ನೆಂಟರಿಷ್ಟರ ಬಹಿಷ್ಕಾರವೇ ಸಣ್ಣದಾಗಿ ಕಾಣುತ್ತದೆ. ಹೊರಗಿನವಳು ಒಳಗೆ ಬಂದು, ಕೂಗಾಡದೆ, ತನ್ನ ಇರವಿನಿಂದಲೇ ಉತ್ತರಕೊಟ್ಟಳು. ಮೇಲೆ ಹೇಳಿದ ಒರೆಗಲ್ಲಿಗೆ ಇದು ಶುದ್ಧ ಚಿನ್ನ.

ಕನ್ನಡದ್ದೇ ಆದ ಸನ್ನಿವೇಶ ಪ್ರಹಸನಗಳು ಪೂರ್ಣವಾಗಿ ಅರಳಿದುದು ಖಾಸಗಿ ವಾಹಿನಿಗಳು ಬಂದ ಮೇಲೆ. 2000ದಲ್ಲಿ ಆರಂಭವಾದ ಈಟೀವಿ ಕನ್ನಡದಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ ‘ಪಾಪ ಪಾಂಡು’ ಮತ್ತು ‘ಸಿಲ್ಲಿ ಲಲ್ಲಿ’ ಎಂಬ ಎರಡು ಧಾರಾವಾಹಿಗಳು ಮನೆಮಾತಾದವು. ಮೊದಲನೆಯದನ್ನು ಸಿಹಿಕಹಿ ಚಂದ್ರು ಅವರು ನಡೆಸಿಕೊಟ್ಟರು. ಸಾಧುವಾದ ಗಂಡ ಪಾಂಡು, ಗದರುವ ಹೆಂಡತಿ ಶ್ರೀಮತಿ. ಚಿದಾನಂದ್ ಮತ್ತು ಶಾಲಿನಿ ಅವರ ಅಭಿನಯದಲ್ಲಿ ಕಾಲಜ್ಞಾನವೂ ಮಾತಿನ ಬಿಗಿಯೂ ಮೆಚ್ಚತಕ್ಕವು. 2018ರಲ್ಲಿ ಅದು ಮರಳಿ ಪ್ರಸಾರಕ್ಕೆ ಬಂದುದೇ ಜನರ ಪ್ರೀತಿಗೆ ಸಾಕ್ಷಿ. ಆದರೆ ವಸ್ತುವನ್ನು ವಿಮರ್ಶಿಸುವಾಗ ಒಂದು ಮಾತನ್ನು ಹೇಳಲೇಬೇಕಾಗಿದೆ. ಹೆಂಡತಿಗೆ ಅಂಜುವ ಗಂಡನನ್ನು ಕಂಡು ನಗುವುದು ಗಂಡಸಿನ ದರ್ಪವನ್ನು ನಗುವುದಲ್ಲ. ಹೆಣ್ಣಿನ ಕೈಯಲ್ಲಿ ಅಧಿಕಾರವಿರುವುದೇ ವಿಕೃತಿ, ಆದುದರಿಂದಲೇ ನಗೆಗೆ ಕಾರಣ ಎಂಬ ಹಳೆಯ ನಂಬಿಕೆ ಅಲ್ಲಿ ಅಲುಗದೆ ಉಳಿಯುತ್ತದೆ. ‘ಅಮ್ಮಾವ್ರ ಗಂಡ’ ಎಂಬ ಹೆಸರನ್ನು ಕೈಲಾಸಂ ನಾಟಕಕ್ಕೆ ಇಟ್ಟ ಕಾಲದಿಂದ ಈ ನಗೆ ನಡೆದುಬಂದಿದೆ. ನಡೆದುಬಂದ ದೂರ ಮಾತ್ರ ಹೆಚ್ಚಲ್ಲ.

‘ಸಿಲ್ಲಿ ಲಲ್ಲಿ’ಯು ಒಂದು ಹೆಜ್ಜೆ ಮುಂದಿಟ್ಟಿತು. ಮಂಜುಭಾಷಿಣಿ ಅವರು ಅಭಿನಯಿಸಿದ ಸಮಾಜಸೇವಕಿ ಲಲಿತಾಂಬೆಯು ಕನ್ನಡ ಪ್ರಹಸನದ ಸ್ಮರಣೀಯ ಪಾತ್ರಗಳಲ್ಲಿ ಒಂದು. ಸಮಾಜವನ್ನು ಉದ್ಧರಿಸಲು ಹೊರಟವಳ ಗಮನವೆಲ್ಲ ತನ್ನ ಹೆಸರಿನ ಮುಂದಿನ ಬಿರುದಿನ ಮೇಲೆಯೇ. ಬಲ್ಲಿದರ ಪರೋಪಕಾರದ ಒಳಗಿರುವ ಸ್ವೋಪಕಾರವನ್ನು ಇದು ನಗೆಯ ಬೆಳಕಿಗೆ ತಂದಿತು. ಶಾಸ್ತ್ರದ ಭಾಷೆಯಲ್ಲಿ ಇದು ಶುದ್ಧ ಪ್ರಹಸನದ ಜಾತಿಗೆ ಸೇರತಕ್ಕದ್ದು. ಆದರೆ ಆ ಸೇವೆಗೆ ಪಾತ್ರರಾಗುವ ಬಡವರು ಬಂದು ಲಲಿತಾಂಬೆಗೆ ನಾಲ್ಕು ಮಾತು ಹೇಳುವ ಸನ್ನಿವೇಶಗಳು ವಿರಳ. ದಾನಕೊಡುವವಳ ಜಂಭ ಕಂಡಿತು; ಕೈಯೊಡ್ಡಿದವನ ಕಣ್ಣು ಕಾಣಲಿಲ್ಲ.

ಈ ಕೊರತೆ ಒಂದೆರಡು ಧಾರಾವಾಹಿಗಳಿಗೆ ಸೀಮಿತವಾದುದಲ್ಲ. ಮನೆಗೆಲಸದವಳು, ಕಾವಲುಗಾರ, ಹಳ್ಳಿಯಿಂದ ಬಂದ ನೆಂಟ, ಉತ್ತರ ಕರ್ನಾಟಕದ ಅಥವಾ ಮಂಡ್ಯದ ಕಡೆಯ ಮಾತಾಡುವ ಬಡವ ಇವರ ನುಡಿಯ ಧಾಟಿಯನ್ನೇ ನಗೆಯ ಸಾಮಗ್ರಿಯನ್ನಾಗಿ ಬಳಸುವ ಚಾಳಿ ಕನ್ನಡದ ಕಿರುತೆರೆಗೆ ಅಂಟಿಕೊಂಡಿದೆ. ಪಾತ್ರೆ ತೊಳೆಯುವ ಹೆಂಗಸು ಕೆಲಸ ಮುಗಿಸಿ ಬಾಗಿಲ ಬಳಿ ನಿಂತು, ಮನೆಯವರೊಡನೆ ತಾನೂ ಪ್ರಹಸನವನ್ನು ನೋಡುವುದು ಅನೇಕ ಮನೆಗಳಲ್ಲಿ ನಡೆಯತಕ್ಕ ಸಂಗತಿ. ತೆರೆಯ ಮೇಲೆ ಅವಳಂಥವಳ ಪೆದ್ದುತನವೇ ನಗೆಯಾಗಿ ಬಂದಾಗ ಒಳಗೆ ಕುಳಿತವರು ನಗುತ್ತಾರೆ. ಬಾಗಿಲಲ್ಲಿ ನಿಂತವಳು ಏನು ಮಾಡಬೇಕು? ನಕ್ಕರೆ ತನ್ನನ್ನೇ ನಕ್ಕಂತೆ. ನಗದಿದ್ದರೆ ಮನೆಯವರ ಸಂತೋಷಕ್ಕೆ ಭಂಗ. ಅವಳ ಆ ಒಂದು ಕ್ಷಣದ ಇಕ್ಕಟ್ಟು ವಿಮರ್ಶಕನಿಗೆ ಹತ್ತು ಗ್ರಂಥಗಳಿಗಿಂತ ಹೆಚ್ಚಿನ ಪಾಠವನ್ನು ಹೇಳುತ್ತದೆ. ಒಳಗಿನವರೂ ಬಾಗಿಲಲ್ಲಿ ನಿಂತವರೂ ಒಂದೇ ಮನಸ್ಸಿನಿಂದ ನಗಬಲ್ಲ ಪ್ರಹಸನವೇ ಉತ್ತಮವಾದುದು.

ಒಟ್ಟಿನಲ್ಲಿ ನೋಡಿದರೆ, ತಲೆಮಾರುಗಳ ಜಗಳವನ್ನು ಕನ್ನಡದ ಸನ್ನಿವೇಶ ಪ್ರಹಸನವು ಧಾರಾಳವಾಗಿ ನಕ್ಕಿದೆ. ವರ್ಗಭೇದವನ್ನು ಅಳುಕುತ್ತ ನಕ್ಕಿದೆ. ಜಾತಿಯನ್ನು ಕುರಿತು ಮಾತ್ರ ಬಾಯಿ ಬಿಗಿದುಕೊಂಡಿದೆ. ಇದಕ್ಕೆ ಕಾರಣವೇನು? ಸಭ್ಯತೆಯೆಂದು ಕೆಲವರು ಹೇಳಬಹುದು. ನಿಜವಾದ ಕಾರಣವು ಮನೆಯ ನಕ್ಷೆಯಲ್ಲಿದೆ. ಈ ಧಾರಾವಾಹಿಗಳ ಮನೆಯು ಸಾಮಾನ್ಯವಾಗಿ ಒಂದೇ ಜಾತಿಯ ಮನೆ. ಹೆಸರು, ಉಡುಗೆ, ಅಡಿಗೆ, ಮಾತಿನ ಧಾಟಿಗಳಿಂದ ಆ ಜಾತಿ ಯಾವುದೆಂದು ಎಲ್ಲರ ಅರಿವಿಗೂ ಬರುತ್ತದೆ. ಬಾಯಿಂದ ಮಾತ್ರ ಯಾರೂ ಹೇಳುವುದಿಲ್ಲ. ಗೋಡೆಯಾಚೆ ಬೇರೆಯವರಿಲ್ಲ, ಎದುರಾಡುವ ಅಳಿಯನಿಲ್ಲ, ಮುತ್ತಿಡುವ ಅತಿಥಿಯಿಲ್ಲ. ಉತ್ತರಕೊಡುವವನಿಲ್ಲದ ಕಡೆ ಪ್ರಹಸನಕಾರನು ಪ್ರಶ್ನೆಯನ್ನು ಎತ್ತದಿರುವುದೇ ಮೇಲೆಂದು ಕೈಬಿಟ್ಟನು.

ಆದರೆ ಎಲ್ಲ ಮನೆಗಳ ನಕ್ಷೆಯೂ ಹೀಗೆಯೇ ಇದೆಯೇ? ಶಿವಮೊಗ್ಗ ನಗರದ ಹಳೆಯ ಕೇರಿಗಳನ್ನು ನೋಡಿದರೆ ಹೌದೆನ್ನಬೇಕಾದೀತು. ಅಲ್ಲಿ ಬೀದಿಯ ಹೆಸರೇ ಎಷ್ಟೋ ಸಲ ನಿವಾಸಿಗಳ ಕುಲವನ್ನು ಹೇಳಿಬಿಡುತ್ತಿತ್ತು. ಅಲ್ಲಿಂದ ಸುಮಾರು 20 ಕಿಲೋಮೀಟರು ದೂರದ ಭದ್ರಾವತಿಯ ಚರಿತ್ರೆ ಬೇರೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1930ರ ದಶಕದಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ, ಇವೆರಡೂ ಮೈಸೂರು ಸೀಮೆಯ ಜನರನ್ನಲ್ಲದೆ ತಮಿಳರನ್ನೂ ತೆಲುಗರನ್ನೂ ಮಲೆಯಾಳಿಗಳನ್ನೂ ಕರೆದು ತಂದುವು. ಕಾರ್ಖಾನೆಯ ಕ್ವಾರ್ಟರ್ಸುಗಳು ಹಂಚಿಕೆಯಾದುದು ಹುಟ್ಟನ್ನು ನೋಡಿಯಲ್ಲ, ಹುದ್ದೆಯನ್ನು ನೋಡಿ. ಒಂದೇ ದರ್ಜೆಯ ನೌಕರರಾದ ಕಾರಣ, ಹಳ್ಳಿಯಲ್ಲಿ ಒಂದೇ ಬಾವಿಯ ನೀರು ಸೇದದಿದ್ದ ಕುಲಗಳವರು ಇಲ್ಲಿ ಒಂದೇ ಗೋಡೆಯ ಎರಡು ಮಗ್ಗುಲುಗಳಲ್ಲಿ ಸಂಸಾರಹೂಡಿದರು. ಜಾತಿಯ ಏಣಿಯನ್ನು ಇಳಿಸಿದ ಕಾರ್ಖಾನೆಯೇ ದರ್ಜೆಯ ಏಣಿಯನ್ನು ನಿಲ್ಲಿಸಿತು. ಅಧಿಕಾರಿಯ ಬಂಗಲೆ ಒಂದು ಕಡೆ, ಕೂಲಿಯವನ ಸಾಲುಮನೆ ಇನ್ನೊಂದು ಕಡೆ. ಹುಟ್ಟಿನ ಹೆಮ್ಮೆ, ಹುದ್ದೆಯ ಹೆಮ್ಮೆ ಎರಡೂ ಒಂದೇ ಬೀದಿಯಲ್ಲಿ ಎದುರುಬದುರಾಗಿ ನಿಂತ ಇಂಥ ಊರು ಪ್ರಹಸನಕಾರನಿಗೆ ದೈವವೇ ಒದಗಿಸಿದ ರಂಗಸ್ಥಳ. ಕಾಗದದ ಕಾರ್ಖಾನೆಯ ಕೆಲಸ ನಿಂತು ವರ್ಷಗಳಾಗಿವೆ. ಊರಿನ ಹಳೆಯ ಗದ್ದಲ ಅಡಗಿದೆ. ಆ ಜೀವನವನ್ನು ಬಲ್ಲ ತಲೆಮಾರು ಇನ್ನೂ ಇರುವಾಗಲೇ ಅದನ್ನು ನಗೆಯಲ್ಲಿ ಹಿಡಿದಿಡದಿದ್ದರೆ ಆಮೇಲೆ ಹಿಡಿಯುವವರಾರು?

ವಸ್ತುವಿಗೆ ಬರವಿಲ್ಲ. ಮೂವತ್ತು ವರ್ಷ ಕ್ಯಾಂಟೀನಿನಲ್ಲಿ ಎಲ್ಲರೂ ಕುಡಿದ ಲೋಟದಲ್ಲಿಯೇ ಚಹ ಕುಡಿದ ಹಿರಿಯ ಮೇಸ್ತ್ರಿಯೊಬ್ಬನು, ಅದೇ ಕ್ಯಾಂಟೀನಿನ ಗೆಳೆಯನು ಮನೆಗೆ ಬಂದಾಗ ಬೇರೆ ಲೋಟವನ್ನು ಹುಡುಕುತ್ತಾನೆಂದು ಊಹಿಸಬಹುದು. ಅನೌಚಿತ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಅಭಿನವಗುಪ್ತನೂ ಕೊಡಲಾರನು. ಸೊಸೆ ಆ ಲೋಟವನ್ನು ಮಾವನಿಗೇ ಇಟ್ಟರೆ ಒಂದು ಕಂತು. ಗೆಳೆಯನು ಮರುದಿನ ತನ್ನ ಮನೆಯಿಂದಲೇ ಲೋಟವೊಂದನ್ನು ಹೆಸರು ಕೆತ್ತಿಸಿ ತಂದು ಮೇಸ್ತ್ರಿಗೆ ಕಾಣಿಕೆಯಾಗಿ ಕೊಟ್ಟರೆ ಇನ್ನೊಂದು ಕಂತು. ಇಲ್ಲಿ ಯಾರನ್ನೂ ಅವಮಾನಗೊಳಿಸುವ ಮಾತು ಬೇಕಿಲ್ಲ. ಲೋಟವೊಂದೇ ಸಾಕು.

ಇದಕ್ಕೆ ಆಕ್ಷೇಪಗಳು ಬಾರದೆ ಇರವು. ಜಾತಿಯ ವಿಷಯದಲ್ಲಿ ನಗೆ ಸಲ್ಲದು, ಅದು ಗಾಯಕ್ಕೆ ಉಪ್ಪು ಸವರಿದಂತೆ ಎಂಬುದು ಮೊದಲನೆಯ ಆಕ್ಷೇಪ. ಗಾಯಪಟ್ಟವನನ್ನು ಕುರಿತು ನಕ್ಕರೆ ಈ ಮಾತು ಸತ್ಯ; ಅಂಥ ನಗೆ ನೀಚವಾದುದು, ಕಾನೂನಿಗೂ ವಿರುದ್ಧವಾದುದು. ಗಾಯಮಾಡಿದ ಕೈಯ ಬಿಂಕವನ್ನು ಕುರಿತು ನಕ್ಕರೆ ಈ ಮಾತು ಅನ್ವಯಿಸುವುದಿಲ್ಲ. ಗುರಿ ಎಲ್ಲಿದೆಯೆಂಬುದೇ ಸರ್ವಸ್ವ. ನಗೆಯಿಂದ ಯಾರ ಸ್ವಭಾವವೂ ತಿದ್ದುವುದಿಲ್ಲ, ದುರಭಿಮಾನಿಯು ತನಗೆ ಬೇಕಾದುದನ್ನೇ ಕೇಳಿಸಿಕೊಳ್ಳುತ್ತಾನೆ ಎಂಬುದು ಎರಡನೆಯದು. ಅಮೆರಿಕದ ಅಧ್ಯಯನವು ಇದಕ್ಕೆ ಒತ್ತಾಸೆಯಾಗಿದೆ. ಒಪ್ಪತಕ್ಕ ಮಾತೇ. ಆದರೆ ಪ್ರಹಸನವು ಪ್ರಾಯಶ್ಚಿತ್ತ ಮಾಡಿಸುವ ಪುರೋಹಿತನಲ್ಲ. ಮೇಸ್ತ್ರಿಯ ಮನಸ್ಸನ್ನು ಅದು ಮಾರ್ಪಡಿಸದೆ ಹೋಗಬಹುದು. ಅವನ ಮೊಮ್ಮಗಳು ಮುಂದೆ ಬೇರೆ ಲೋಟವನ್ನು ಕೈಗೆತ್ತಿಕೊಳ್ಳುವಾಗ ಆ ಕಂತು ನೆನಪಾಗಿ, ನಾಚಿ ಕೆಳಗಿಟ್ಟರೆ ಅಷ್ಟರಿಂದಲೇ ಅದು ಸಾರ್ಥಕ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅಡಿಗೆಮನೆಯ ಅಟ್ಟದ ಮೇಲಿನ ಲೋಟದ ವರೆಗೆ ವಿಧಿಯ ಕೈ ಚಾಚುವುದು ಕಷ್ಟ; ನಗೆಯ ಕೈ ಅಲ್ಲಿಗೂ ಮುಟ್ಟುತ್ತದೆ.

ಶಿವಮೊಗ್ಗ ಜಿಲ್ಲೆಗೆ ನಟರ ಕೊರತೆಯಿಲ್ಲ, ಬರೆಯುವವರ ಕೊರತೆಯೂ ಇಲ್ಲ. ಹೆಗ್ಗೋಡಿನ ನೀನಾಸಂ 1949ರಿಂದ ನಡೆದುಬಂದಿದೆ. ಶಿವಮೊಗ್ಗದಲ್ಲಿ ಕುವೆಂಪು ರಂಗಮಂದಿರವಿದೆ. ಭದ್ರಾವತಿಯಲ್ಲಿ 1965ರಿಂದ ಆಕಾಶವಾಣಿಯ ಕೇಂದ್ರವಿದೆ. ಇಷ್ಟು ಸಂಪತ್ತಿರುವ ನಾಡಿನಲ್ಲಿ ಕ್ವಾರ್ಟರ್ಸಿನ ಆ ನಡುಗೋಡೆಯ ಎರಡು ಮಗ್ಗುಲುಗಳ ಸಂಸಾರವನ್ನು ನಗೆಯಲ್ಲಿ ತೂಗಿ ನೋಡುವ ಒಬ್ಬ ಪ್ರಹಸನಕಾರನು ಹುಟ್ಟದೆ ಇರುವುದು ಸೋಜಿಗ. ಹುಟ್ಟಿದಾಗ ಅವನು ಮೊದಲು ಮಾಡಬೇಕಾದ ಕೆಲಸವೆಂದರೆ, ಬಾಗಿಲಲ್ಲಿ ನಿಂತವರಿಗೆ ಪಡಸಾಲೆಯಲ್ಲಿ ಒಂದು ಕುರ್ಚಿಯನ್ನೂ ಕಥೆಯಲ್ಲಿ ಒಂದು ಒಳ್ಳೆಯ ಉತ್ತರವನ್ನೂ ಕೊಡುವುದು. ಶಾಪದ ಭಯ ಅವನಿಗೆ ಬೇಡ. ಮೆಟ್ಟಲುಗಳನ್ನೇ ನಂಬದವನನ್ನು ಯಾವ ಋಷಿಯೂ ಮೆಟ್ಟಲಿನಿಂದ ಇಳಿಸಲಾರನು.